ಬೆನ್ನೆಲುಬು ಇಲ್ಲದೆ ನಿಲ್ಲುವುದು ಹೇಗೆ?

ಕೇಳುಗರಿಗೆ ನಮಸ್ಕಾರ.

ಒಮ್ಮೆ ಕತ್ತಿನ ಹಿಂದೆ ಕೈಯಿಟ್ಟು ಮೆಲ್ಲಗೆ ಕೆಳಗೆ ಸವರಿ ನೋಡಿ. ಗಂಟು ಗಂಟಾಗಿ ಬೆರಳಿಗೆ ಸಿಗುತ್ತದೆ, ಅಲ್ವಾ? ಅದೇ ಬೆನ್ನೆಲುಬು. ಮೀನು, ಕಪ್ಪೆ, ಹಾವು, ಹಕ್ಕಿ, ಹಸು, ನಾವು, ಎಲ್ಲರಿಗೂ ಅದು ಇದೆ. ಇವತ್ತು ಅದಿಲ್ಲದ ಪ್ರಾಣಿಗಳ ಬಗ್ಗೆ ಮಾತಾಡೋಣ. ಪಠ್ಯಪುಸ್ತಕದಲ್ಲಿ ಇವುಗಳ ಹೆಸರು ಅಕಶೇರುಕಗಳು.

ಇರುವೆ, ಜೇಡ, ಏಡಿ, ಎರೆಹುಳು, ಬಸವನಹುಳು, ಆಕ್ಟೋಪಸ್, ನಕ್ಷತ್ರಮೀನು, ಸ್ಪಂಜು. ಇವೆಲ್ಲ ಒಂದೇ ಗುಂಪು ಅಂತೀವಲ್ಲ, ಇವುಗಳಲ್ಲಿ ಸಮಾನವಾದದ್ದು ಏನು? ಮೈಯಲ್ಲಿ ಅನೇಕ ಜೀವಕೋಶಗಳಿವೆ, ಗಿಡದಂತೆ ತಮ್ಮ ಊಟ ತಾವೇ ತಯಾರಿಸಲಾರವು ಎನ್ನಬಹುದು. ಆದರೆ ಆ ಮಾತು ನಮಗೂ ಸಲ್ಲುತ್ತದೆ. ಮೈ ಬಿಸಿ ಹೊರಗಿನ ಬಿಸಿಯೊಂದಿಗೆ ಏರಿಳಿಯುತ್ತದೆ ಎಂದರೆ, ಕಪ್ಪೆಗೂ ಹಾವಿಗೂ ಹಾಗೇ. ಹುಡುಕುತ್ತಾ ಹೋದರೆ, ಇವೆಲ್ಲಕ್ಕೂ ಇರುವ, ಇವಕ್ಕೆ ಮಾತ್ರ ಇರುವ ಗುಣ ಕೊನೆಗೆ ಒಂದೇ ಉಳಿಯುತ್ತದೆ: ಬೆನ್ನೆಲುಬು ಇಲ್ಲ. ‘ಇಲ್ಲ’ ಎನ್ನುವುದೇ ಇವುಗಳ ನಂಟು.

ಈ ಹೆಸರು ಬಂದ ಬಗೆ ಕೇಳಿ. 1793ರಲ್ಲಿ ಪ್ಯಾರಿಸ್ಸಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಫ್ರೆಂಚ್ ವಿಜ್ಞಾನಿ ಲಾಮಾರ್ಕ್ ಅವರಿಗೆ ಕೀಟ ಮತ್ತು ಹುಳುಗಳ ವಿಭಾಗ ಸಿಕ್ಕಿತು. ಅದುವರೆಗೆ ಅವರು ಗಿಡಗಳನ್ನು ಓದಿಕೊಂಡಿದ್ದವರು, ವಯಸ್ಸು 50ರ ಹತ್ತಿರ. ಅವರಿಗಿಂತ ಮೊದಲು, ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಈ ಪ್ರಾಣಿಗಳನ್ನೆಲ್ಲ ‘ಕೀಟ’, ‘ಹುಳು’ ಎಂಬ ಎರಡೇ ಗುಂಪಿಗೆ ತುಂಬಿದ್ದರು. ಲಾಮಾರ್ಕ್ ಅದನ್ನು ಬಿಡಿಸತೊಡಗಿದರು. ಏಡಿಗಳನ್ನು ಬೇರೆ ಮಾಡಿದರು, ಜೇಡಗಳನ್ನು ಬೇರೆ ಮಾಡಿದರು. 1801ರಲ್ಲಿ ಇವುಗಳ ಬಗ್ಗೆ ಪುಸ್ತಕ ತಂದರು, ‘ಬೆನ್ನೆಲುಬಿಲ್ಲದ ಪ್ರಾಣಿಗಳು’ ಎಂಬ ಮಾತು ಅಲ್ಲಿಂದ ನಿಂತಿತು. ಅವರ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ. ಹೆಸರಿನ ಬಗ್ಗೆ ಮಾತ್ರ ಒಂದು ತಕರಾರು. ವಿಜ್ಞಾನಿಗಳು ಹೆಸರಿಟ್ಟಿರುವ ಪ್ರಾಣಿ ಬಗೆಗಳಲ್ಲಿ ನೂರಕ್ಕೆ ಸುಮಾರು 95 ಇವೇ. ಜೀರುಂಡೆಗಳೇ 3.5 ಲಕ್ಷ ಬಗೆಗಿಂತ ಜಾಸ್ತಿ. ಇಷ್ಟು ದೊಡ್ಡ ಲೋಕವನ್ನು, ನಮ್ಮಲ್ಲಿರುವುದು ಅದರಲ್ಲಿಲ್ಲ ಎಂದು ಹೇಳಿ ಗುರುತಿಸುವುದು ಸರಿಯೇ?

ನನಗೆ ಹೆಚ್ಚು ಮುಖ್ಯ ಅನಿಸುವ ಪ್ರಶ್ನೆ ಬೇರೆ. ಬೆನ್ನೆಲುಬು ಇಲ್ಲದಿದ್ದರೆ ಮೈ ಕುಸಿಯಬೇಕಲ್ಲ, ಇವು ಹೇಗೆ ನಿಭಾಯಿಸುತ್ತವೆ?

ಎರೆಹುಳುವನ್ನು ನೋಡಿ. ಅದರಲ್ಲಿ ಗಟ್ಟಿ ಮೂಳೆಯೇ ಇಲ್ಲ. ಮೈ ತುಂಬಾ ಉಂಗುರಗಳು, ಒಂದೊಂದು ಉಂಗುರದೊಳಗೂ ನೀರಿನಂಥ ದ್ರವ. ನೀರು ತುಂಬಿದ ಬಲೂನನ್ನು ಹಿಚುಕಿದರೆ ಅದು ಕುಗ್ಗುವುದಿಲ್ಲ, ಇನ್ನೊಂದು ಕಡೆ ಉಬ್ಬುತ್ತದೆ. ಹುಳು ನಡೆಯುವುದು ಇದೇ ಉಪಾಯದಿಂದ. ಸುತ್ತಲಿನ ಸ್ನಾಯು ಬಿಗಿದರೆ ಮೈ ಸಪೂರವಾಗಿ ಮುಂದಕ್ಕೆ ಚಾಚುತ್ತದೆ. ಉದ್ದಕ್ಕಿರುವ ಸ್ನಾಯು ಬಿಗಿದರೆ ಗಿಡ್ಡವಾಗಿ ದಪ್ಪಗಾಗುತ್ತದೆ. ಚರ್ಮದ ಮೇಲಿನ ಸಣ್ಣ ಬಿರುಗೂದಲು ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಒಂದು ಹಿಡಿ ದ್ರವ ಕೂಡ ಇಲ್ಲದ ಆ ಮೈ ನೆಲವನ್ನೇ ಸೀಳಿಕೊಂಡು ಹೋಗುತ್ತದೆ!

ಏಡಿ, ಸೀಗಡಿ, ಜೇಡ, ಕೀಟಗಳು ಇದಕ್ಕೆ ತದ್ವಿರುದ್ಧ. ಅವುಗಳ ಆಸರೆ ಹೊರಗಿದೆ. ಕೈಟಿನ್ ಎಂಬ ವಸ್ತುವಿನ ಕವಚ, ಒಳಗಡೆ ಅದಕ್ಕೆ ಅಂಟಿಕೊಂಡ ಸ್ನಾಯು. ತೊಂದರೆ ಏನೆಂದರೆ, ಕವಚ ಬೆಳೆಯುವುದಿಲ್ಲ. ಪ್ರಾಣಿ ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಏಡಿ ಹಳೆಯ ಚಿಪ್ಪಿನಡಿಯಲ್ಲಿ ಹೊಸದನ್ನು ಮೊದಲೇ ಮೆತ್ತಗೆ ಸಿದ್ಧ ಮಾಡಿಕೊಂಡಿರುತ್ತದೆ. ಹಳೆಯದು ಬಿರಿದಾಗ ಹಿಂದಿನಿಂದ ಹೊರಬಂದು, ನೀರು ಹೀರಿ ಮೈ ಉಬ್ಬಿಸಿಕೊಳ್ಳುತ್ತದೆ. ಕಾಲು, ಕೊಂಡಿ, ಕಣ್ಣಿನ ಮೇಲ್ಪದರ, ಎಲ್ಲವನ್ನೂ ಬಿಡಿಸಿಕೊಳ್ಳಬೇಕು. ಚಿಪ್ಪು ಗಟ್ಟಿಯಾಗುವವರೆಗೆ ಅದಕ್ಕೆ ರಕ್ಷಣೆಯಿಲ್ಲ, ಎಲ್ಲೋ ಅವಿತು ಕೂರುತ್ತದೆ. ಮನೆಯ ಮೂಲೆಯಲ್ಲಿ ಯಾವತ್ತಾದರೂ ಬೆಳ್ಳಗಿನ ಜಿರಳೆ ಕಂಡಿದ್ದೀರಾ? ಅದು ಬೇರೆ ಜಾತಿಯಲ್ಲ. ಆಗಷ್ಟೇ ಪೊರೆ ಬಿಟ್ಟ ಜಿರಳೆ. ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ.

ಸ್ಪಂಜಿಗೆ ಬಾಯಿಯಿಲ್ಲ, ನರವಿಲ್ಲ. ಆಕ್ಟೋಪಸ್‌ಗೆ ಮೂರು ಹೃದಯ, ನೀಲಿ ರಕ್ತ, ಸುಮಾರು 50 ಕೋಟಿ ನರಕೋಶ. ಅವುಗಳಲ್ಲಿ ಹೆಚ್ಚಿನವು ತೋಳುಗಳಲ್ಲೇ ಇವೆ. ಇವೆರಡನ್ನೂ ಒಂದೇ ಪದದಿಂದ ಕರೆಯುತ್ತೇವೆ.

ನಕ್ಷತ್ರಮೀನಿಗಂತೂ ಚರ್ಮದೊಳಗೇ ಸುಣ್ಣದ ಸಣ್ಣ ಸಣ್ಣ ಬಿಲ್ಲೆಗಳಿವೆ. ವಂಶಾವಳಿ ಬಿಡಿಸಿದರೆ, ಅದು ಜೇನುಹುಳಕ್ಕಿಂತ ನಮಗೇ ಹತ್ತಿರದ ಬಂಧು. ಅಂದರೆ ಅಕಶೇರುಕಗಳು ಒಂದೇ ಕುಟುಂಬ ಅಲ್ಲವೇ ಅಲ್ಲ.

ಅದಕ್ಕಿಂತಲೂ ಹತ್ತಿರದ ನೆಂಟ ಕಡಲಲ್ಲಿದ್ದಾನೆ. ಸೀ ಸ್ಕ್ವರ್ಟ್ ಅಂತ ಹೆಸರು, ಮುಟ್ಟಿದರೆ ನೀರು ಚಿಮ್ಮಿಸುತ್ತದೆ. ಮರಿಯಾಗಿದ್ದಾಗ ಗೊದಮೊಟ್ಟೆಯಂತೆ ಬಾಲ ಬಡಿದು ಈಜುತ್ತದೆ. ಆ ಬಾಲದೊಳಗೆ ಒಂದು ಬಾಗುವ ದಂಡವಿದೆ. ತಾಯಿಯ ಹೊಟ್ಟೆಯಲ್ಲಿ ನಮ್ಮ ಬೆನ್ನೆಲುಬು ರೂಪುಗೊಳ್ಳುವಾಗ ಮೊದಲು ಮೂಡುವುದೂ ಅಂಥದ್ದೇ ದಂಡ. ಆಮೇಲೆ ಮರಿ ಒಂದು ಬಂಡೆ ಹುಡುಕಿ, ತಲೆಯ ಕಡೆಯಿಂದ ಅಂಟಿಕೊಳ್ಳುತ್ತದೆ. ಬಾಲವನ್ನೂ ದಂಡವನ್ನೂ ತನ್ನ ಮೈಯೊಳಗೇ ಕರಗಿಸಿಕೊಳ್ಳುತ್ತದೆ. ಉಳಿದ ಆಯುಸ್ಸೆಲ್ಲ ಅಲ್ಲೇ ಕೂತು, ಒಂದು ತೂತಿನಿಂದ ನೀರು ಒಳಗೆಳೆದು, ಇನ್ನೊಂದರಿಂದ ಬಿಡುತ್ತಾ ಇರುತ್ತದೆ.