ಕರ್ಚಿಕಾಯಿಗೆ ಕರ್ಚಿಕಾಯಿ ಅಂತಲೇ ಬರೆಯಿರಿ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಲ್ಲೇ ಮೈಕ್ ಮುಂದೆ ಕೂತಿದ್ದೇನೆ.

ಹೋದ ವಾರ ಹುಬ್ಬಳ್ಳಿಯ ಒಂದು ಬೇಕರಿಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಕರ್ಚಿಕಾಯಿ ಇತ್ತು. ಮುಂದಿನ ಚೀಟಿಯಲ್ಲಿ ಏನಿತ್ತು ಗೊತ್ತಾ? ‘ಸ್ವೀಟ್ ಕೊಕೊನಟ್ ಪಫ್’. ಅದರ ಪಕ್ಕದಲ್ಲೇ ಕ್ರೋಸಾಂ ಅನ್ನೋ ಫ್ರೆಂಚ್ ಪೇಸ್ಟ್ರಿ. ಅದಕ್ಕೆ ಮಾತ್ರ ಕ್ರೋಸಾಂ ಅಂತಲೇ ಬರೆದಿದ್ದರು! ಫೋಟೋ ಹಾಕಿದೆ. ಒಬ್ಬರು ಕಮೆಂಟ್ ಮಾಡಿದರು: “ಹೊರಗಿನವರಿಗೆ ಅರ್ಥ ಆಗಬೇಕಲ್ವಾ?”

ಕ್ರೋಸಾಂ ಅಂದರೆ ಫ್ರೆಂಚ್‌ನಲ್ಲಿ ಬಿದಿಗೆಯ ಚಂದ್ರನ ಆಕಾರ. ನಮಗೆ ಅರ್ಥ ಆಗಲಿ ಅಂತ ಯಾರಾದರೂ ‘ಚಂದ್ರ ರೊಟ್ಟಿ’ ಅಂತ ಬರೆದರಾ? ಇಲ್ಲ. ನಾವೇ ನಾಲಿಗೆ ತಿರುಗಿಸಿ ಕಲಿತೆವು. ಹಾಗಾದರೆ ಕರ್ಚಿಕಾಯಿಯನ್ನು ಅವರೂ ಕಲಿಯಲಿ.

ಬೇರೆ ಭಾಷೆಯಲ್ಲಿ ಬೇರೆ ಹೆಸರು ಇರಬಾರದು ಅಂತ ನಾನು ಹೇಳುತ್ತಿಲ್ಲ. ಮರಾಠಿಯಲ್ಲಿ ಕರಂಜಿ, ತೆಲುಗಿನಲ್ಲಿ ಕಜ್ಜಿಕಾಯ, ಕೊಂಕಣಿಯಲ್ಲಿ ನೇವ್ರಿ, ಗುಜರಾತಿಯಲ್ಲಿ ಘೂಘರಾ, ಹಿಂದಿಯಲ್ಲಿ ಗುಜಿಯಾ. ಇವೆಲ್ಲ ಮನೆಗಳಲ್ಲಿ ಹುಟ್ಟಿದ ಹೆಸರು. ಹಿಟ್ಟು ಮೆತ್ತಿದ ಕೈಯಲ್ಲೇ ಬೆಳೆದ ಹೆಸರು. ಚೀಟಿಯ ಹೆಸರು ಹಾಗಲ್ಲ, ಅದು ಯಾರ ಮನೆಯದೂ ಅಲ್ಲ.

ಹೆಸರಿನಲ್ಲಿ ನೆನಪು ಇರುತ್ತದೆ. ನಾವು ‘ಡ್ಯಾನಿಶ್’ ಅನ್ನುವ ಪೇಸ್ಟ್ರಿ ಇದೆಯಲ್ಲ, ಅದಕ್ಕೆ ಡೆನ್ಮಾರ್ಕಿನವರೇ ‘ವೀನರ್‌ಬ್ರೋಡ್’ ಅನ್ನುತ್ತಾರೆ, ಅಂದರೆ ವಿಯೆನ್ನಾ ಬ್ರೆಡ್. ಯಾರಿಂದ ಕಲಿತೆವು ಅನ್ನೋದನ್ನು ಅವರು ಮರೆತಿಲ್ಲ. ಜಪಾನಿನ ನಾಗಾಸಾಕಿಯಲ್ಲಿ ‘ಕಾಸುತೆರಾ’ ಅನ್ನೋ ಕೇಕ್ ಇದೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದಿದ್ದು. ಸ್ಪೇನಿನ ಕ್ಯಾಸ್ಟೀಲ್ ನಾಡಿನ ಹೆಸರು ಇವತ್ತಿಗೂ ಆ ಕೇಕಿನಲ್ಲಿ ಉಳಿದಿದೆ. ಜಪಾನಿನವರು ಅದಕ್ಕೆ ‘ಸಿಹಿ ಮೊಟ್ಟೆ ರೊಟ್ಟಿ’ ಅಂತ ಚೀಟಿ ಅಂಟಿಸಲಿಲ್ಲ. ಹೆಸರು ಉಳಿಸಿಕೊಂಡರು!

ನಮ್ಮ ಧಾರವಾಡ ಪೇಡಾನೇ ನೋಡಿ. ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದ್ದು ಊರು ಸೇರಿದ ಆ ಹೆಸರಿಗೆ. ನಾಳೆ ಯಾರಾದರೂ ಅದನ್ನು ‘ಮಿಲ್ಕ್ ಫಜ್’ ಅಂದರೆ ಧಾರವಾಡದ ಪೇಡಾ ಅಂಗಡಿಗಳ ಲೈನ್ ಬಜಾರಿನಲ್ಲಿ ಒಪ್ಪುತ್ತಾರಾ?

ಇನ್ನೊಬ್ಬರ ಕಮೆಂಟ್: “ಹೆಸರು ಏನಾದರೇನು, ರುಚಿ ಅದೇ ಅಲ್ವಾ?” ಅಲ್ಲ ಸ್ವಾಮಿ! ಪಫ್ಸ್ ಅಂದರೆ ಪದರ ಪದರ, ಓವನ್‌ನಲ್ಲಿ ಬೇಯೋದು. ಕರ್ಚಿಕಾಯಿ ಅಂದರೆ ಒಣ ಕೊಬ್ಬರಿ, ಪುಠಾಣಿ, ಗಸಗಸೆ, ಏಲಕ್ಕಿ ತುಂಬಿ, ಅಂಚು ಒತ್ತಿ, ಎಣ್ಣೆಯಲ್ಲಿ ಕರಿಯೋದು. ಪಫ್ಸ್ ಅಂದುಕೊಂಡು ತಗೊಂಡವನಿಗೂ ಮೋಸ, ಮಾಡಿದವಳಿಗೂ ಮೋಸ. ನಮ್ಮ ಅವ್ವ ದೀಪಾವಳಿಗೆ ರಾತ್ರಿ ಹನ್ನೊಂದರ ತನಕ ಕೂತು ಕರಿಯುತ್ತಿದ್ದಳು. ಅದು ಪಫ್ ಅಂತೆ!

ಅಂದ ಹಾಗೆ, ಮುಂದಿನ ಎಪಿಸೋಡ್ ಗದಗಿನಲ್ಲಿ ನಮ್ಮ ಸೋದರತ್ತೆಯ ಅಡುಗೆಮನೆಯಿಂದ. ಶೇಂಗಾ ಹೋಳಿಗೆ ಮಾಡಿ ತೋರಿಸುತ್ತಾರೆ. ವಿಡಿಯೋ ಹೆಸರೂ ‘ಶೇಂಗಾ ಹೋಳಿಗೆ’ ಅಂತಲೇ ಇರುತ್ತದೆ, ‘ಪೀನಟ್ ಪ್ಯಾನ್‌ಕೇಕ್’ ಅಂತ ಸತ್ತರೂ ಹಾಕಲ್ಲ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ನಿಮ್ಮ ಮನೆಯಲ್ಲಿ ಇವಕ್ಕೆಲ್ಲ ಏನು ಹೆಸರು ಅಂತ ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ.

ಆ ಬೇಕರಿಯವರು ಇದನ್ನು ನೋಡುತ್ತಿದ್ದರೆ ದಯವಿಟ್ಟು ಚೀಟಿ ಬದಲಿಸಿ. ಕರ್ಚಿಕಾಯಿ. ಅಷ್ಟೇ ಸಾಕು. ಬೇಕಾದರೆ ನಾನೇ ಬಂದು ಬರೆದುಕೊಡುತ್ತೇನೆ.