ಎಂಟು ರೂಪಾಯಿ, ಒಂದು ಸಾಲು: ಅಂದ ನೋಡಬೇಕೋ, ದರ್ಜೆ ನೋಡಬೇಕೋ?

ಎಲ್ಲರಿಗೂ ನಮಸ್ಕಾರ.

ಗದಗಿನವರಿಗೆ ನಾಣ್ಯದ ಮಾತು ಹೊಸದಲ್ಲ. ಪಕ್ಕದ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಅಲ್ಲಿನ ಲೊಕ್ಕಿ ಗದ್ಯಾಣವೆಂಬ ಚಿನ್ನದ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಇವತ್ತಿನ ವಿಷಯ ಅಷ್ಟು ಹಳೆಯದಲ್ಲ. ಬ್ರಿಟಿಷ್ ದೊರೆ ಏಳನೇ ಎಡ್ವರ್ಡನ ಬೆಳ್ಳಿ ರೂಪಾಯಿ, 1903ರಿಂದ 1910ರವರೆಗೆ ವರ್ಷಕ್ಕೊಂದರಂತೆ ಎಂಟು. ಈ ಎಂಟೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುವಂತೆ ಕೂಡಿಸಬೇಕಾದರೆ, ನಾಣ್ಯದ ಸವಕಳಿ, ಹೊಳಪು ನೋಡಿ ಕೊಡುವ ದರ್ಜೆಯ ಅಂಕಿಗೆ ಎಷ್ಟು ಬೆಲೆ ಕೊಡಬೇಕು, ಕಣ್ಣಿಗೆ ಎಷ್ಟು ಕೊಡಬೇಕು ಎನ್ನುವುದು ಪ್ರಶ್ನೆ.

ಈ ಸರಣಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಕ್ಕೆ ಕಾರಣವಿದೆ. ಎಂಟರದೂ ಒಂದೇ ಅಳತೆ: 11.66 ಗ್ರಾಂ ತೂಕ, ಸುಮಾರು 30.5 ಮಿಲಿಮೀಟರ್ ಅಡ್ಡಗಲ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಚಿತ್ರವೂ ಒಂದೇ. ಹೀಗಾಗಿ ಒಂದು ನಾಣ್ಯ ಸಾಲಿನಿಂದ ಹೊರಬಿದ್ದರೆ ಮುಚ್ಚಿಕೊಳ್ಳಲು ಜಾಗವೇ ಇಲ್ಲ. ಇನ್ನೊಂದು ಸಂಗತಿ, ಈ ರಾಜನ ತಲೆಯ ಮೇಲೆ ಕಿರೀಟವಿಲ್ಲ, ಬರಿತಲೆ. ಚಿತ್ರದ ಉಬ್ಬು ಕಡಿಮೆ. ಕಿವಿಯ ಮೇಲಿನ ಕೂದಲು, ಕೆನ್ನೆಯ ಎಲುಬು, ಗಡ್ಡ, ಈ ಮೂರು ಬೇಗ ಸವೆಯುತ್ತವೆ. ಸ್ವಲ್ಪ ಕೈ ಬದಲಾದರೂ ಮುಖ ಸಪಾಟಾಗಿ ಕಾಣುತ್ತದೆ.

ಈಗ ಅಂಕಿಯ ವಿಷಯ. ಒಂದರಿಂದ ಎಪ್ಪತ್ತರವರೆಗಿನ ಶೆಲ್ಡನ್ ಮಾಪಕ 1949ರದು, ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ಮಾಡಿದ್ದು. ದರ್ಜೆ ಕೊಡುವ ಅಮೆರಿಕದ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದ ಮೇಲೆ ನಾಣ್ಯವನ್ನು ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಮುಚ್ಚಿ ಅಂಕಿ ಬರೆಯುವ ರೂಢಿ ಬೆಳೆಯಿತು. 50ರಿಂದ 58 ಎಂದರೆ ಎಯು, ಅಲ್ಪ ಸವಕಳಿ. 60ರಿಂದ ಮೇಲೆ ಎಂಎಸ್, ಚಲಾವಣೆಯ ಸವಕಳಿ ಇಲ್ಲದ್ದು. ಎಲ್ಲರೂ ಮೋಸಹೋಗುವುದು ಈ ಗೆರೆಯ ಹತ್ತಿರವೇ. 58ರವರೆಗೆ ಮುಖ್ಯವಾಗಿ ಎಣಿಸುವುದು ಸವಕಳಿಯನ್ನು. 60 ದಾಟಿದ ಮೇಲೆ ಎಣಿಸುವುದು ಪೆಟ್ಟು, ಗೀರು, ಹೊಳಪನ್ನು. ಎರಡು ಬೇರೆ ಅಳತೆಗೋಲುಗಳನ್ನು ಬೆಸೆದು ಒಂದು ಮಾಡಿದ್ದಾರೆ. ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ಬಡಿದು ಕೆನ್ನೆ ತುಂಬ ಕಚ್ಚಿಸಿಕೊಂಡ ನಾಣ್ಯ 61 ಆಗಬಹುದು. ಕೂದಲಿನ ತುದಿ ಕೂದಲೆಳೆಯಷ್ಟು ಸವೆದು, ಬಯಲು ಅಂದರೆ ಚಿತ್ರದ ಸುತ್ತಲಿನ ಖಾಲಿ ಜಾಗ ಸ್ವಚ್ಛವಾಗಿರುವ ನಾಣ್ಯ 58 ಆಗಿಯೇ ಉಳಿಯುತ್ತದೆ. ಪಕ್ಕಪಕ್ಕ ಇಟ್ಟರೆ ಮಕ್ಕಳು ಕೂಡ 58ನ್ನೇ ಎತ್ತಿಕೊಳ್ಳುತ್ತಾರೆ. ಆದ್ದರಿಂದ 58 ಮತ್ತು 62ರ ನಡುವೆ ಆಯ್ಕೆ ಬಂದಾಗ ಕಣ್ಣನ್ನು ನಂಬಿರಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. 64ರ ಎದುರು 58 ಇಟ್ಟುಕೊಂಡು ಅದೇ ವಾದ ಮಾಡಬೇಡಿರಿ, ಅಲ್ಲಿ ಅಂಕಿಯಲ್ಲಿ ಹುರುಳಿದೆ. ಎನ್‌ಜಿಸಿಯವರು ವಿಶೇಷ ಅಂದವಿರುವ ನಾಣ್ಯಕ್ಕೆ ಅಂಕಿಯ ಪಕ್ಕ ಒಂದು ನಕ್ಷತ್ರ ಹಾಕುತ್ತಾರೆ. ಅಂಕಿಯೊಂದರಿಂದಲೇ ಅಂದವನ್ನು ಹೇಳಿ ಮುಗಿಸಲಾಗದು ಎಂಬುದನ್ನು ಅವರೇ ಒಪ್ಪಿಕೊಂಡ ಹಾಗಾಯಿತು.

ನಮಗೆ ಇನ್ನೊಂದು ತೊಡಕಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಎಡ್ವರ್ಡನ ಎಂಟೂ ರೂಪಾಯಿ ಈಗ ಆ ಸಾಲಿಗೆ ಸೇರಿವೆ. ಅಮೆರಿಕಕ್ಕೆ ಕಳಿಸಿ ಅಂಕಿ ಬರೆಸಿಕೊಂಡು ಬರೋಣ ಎನ್ನುವ ದಾರಿ ಮುಚ್ಚಿದಂತೆಯೇ. ಊರಿನ ಮಾರಾಟದಲ್ಲಿ ಸಿಗುವುದು ಅಂಗಡಿಯವರು ತಮ್ಮ ಕೈಯಿಂದ ಬರೆದ 'ಯುಎನ್‌ಸಿ' (ಚಲಾವಣೆಯಾಗದ್ದು), 'ಎಕ್ಸ್‌ಎಫ್' (ಸ್ವಲ್ಪವೇ ಸವೆದದ್ದು). ಮಾರುವವರ ದರ್ಜೆ ಮಾರುವವರ ಕಡೆಗೇ ವಾಲುತ್ತದೆ, ಅದು ಸಹಜ ನೋಡ್ರಿ.

ಹಾಗಾದರೆ ನೋಡುವುದು ಹೇಗೆ? ಕೋಣೆಯ ಟ್ಯೂಬ್‌ಲೈಟ್ ಆರಿಸಿರಿ. ಒಂದೇ ಒಂದು ಮೇಜುದೀಪ, ನಾಣ್ಯದಿಂದ ಒಂದಡಿ ಮೇಲೆ. ಭೂತಗನ್ನಡಿ ಐದರಿಂದ ಏಳು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು, ಇನ್ನೂ ದೊಡ್ಡದು ಹಿಡಿದರೆ ಎಲ್ಲ ನಾಣ್ಯವೂ ಕೆಟ್ಟದ್ದೇ. ಮೊದಲು ಬರಿಗಣ್ಣಿನಲ್ಲಿ ನಾಣ್ಯವನ್ನು ಮೆಲ್ಲಗೆ ಓರೆ ಮಾಡುತ್ತ ತಿರುಗಿಸಿರಿ. ಅಚ್ಚಿನಿಂದ ಬಂದ ಮೂಲ ಹೊಳಪಿದ್ದರೆ ಬೆಳಕಿನ ಪಟ್ಟಿ ಬಂಡಿಚಕ್ರದ ಕಾಲಿನ ಹಾಗೆ ಬಯಲಿನ ಸುತ್ತ ಓಡುತ್ತದೆ. ಕೆನ್ನೆಯ ಮೇಲೆ ಬಂದಾಗ ಆ ಪಟ್ಟಿ ತುಂಡಾಗಿ ಮಬ್ಬು ಬೂದುಬಣ್ಣ ಕಂಡರೆ ಅದು ಸವಕಳಿ. ಕೂದಲು ಸಪಾಟಾಗಿದ್ದರೂ ಹೊಳಪು ತುಂಡಾಗದಿದ್ದರೆ ಅದು ಅಚ್ಚು ಸರಿಯಾಗಿ ಕೂಡದೆ ಬಂದ ಕೊರತೆ, ಸವಕಳಿಯಲ್ಲ.

ಚಕ್ರವೇ ಓಡದೆ ನಾಣ್ಯ ಬೆಳ್ಳಗೆ ಸತ್ತಂತೆ ಕಂಡರೆ ರಾಸಾಯನಿಕದಲ್ಲಿ ಅದ್ದಿ ತೆಗೆದದ್ದು. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೆ ಅನುಮಾನ ಗಟ್ಟಿ. ಒಂದೇ ದಿಕ್ಕಿನ ಸಣ್ಣ ಗೀರುಗಳ ಸಾಲು ಕಂಡರೆ ತಿಕ್ಕಿದ್ದು. ನಮ್ಮ ಭಾಗದಲ್ಲಿ ಇದು ಬಹಳ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಹಳೆಯ ರೂಪಾಯಿ ಹೊರಬರುತ್ತವೆ, ಹಿಂದಿನ ದಿನ ಹುಣಸೆಹಣ್ಣು ಅಥವಾ ವಿಭೂತಿ ಹಚ್ಚಿ ಫಳಫಳ ತಿಕ್ಕುತ್ತಾರೆ. ಭಕ್ತಿ ಸರಿ, ಆದರೆ ನಾಣ್ಯದ ಮೇಲ್ಮೈ ಅಲ್ಲಿಗೆ ಮುಗಿಯಿತು. ಇನ್ನೊಂದು, ಸರಕ್ಕೆ ಪೋಣಿಸಿದ ರೂಪಾಯಿ. ಲಂಬಾಣಿ ತಾಂಡಾಗಳ ಆಭರಣಗಳಲ್ಲಿ ರೂಪಾಯಿ, ಪಾವಲಿಗಳಿಗೆ ಕೊಂಡಿ ಬೆಸೆದಿರುತ್ತಾರೆ. ಆಭರಣವಾಗಿ ಅವು ಬೆಲೆಬಾಳುವಂಥವೇ. ಕೊಂಡಿ ಕಿತ್ತು, ಅರ ಹೊಡೆದು, ಬಿಡಿ ನಾಣ್ಯವೆಂದು ಮಾರುವಾಗ ತೊಂದರೆ. ಅಂಚಿನ ಸುತ್ತ ದೀಪದ ಕೆಳಗೆ ತಿರುಗಿಸಿ ನೋಡಿರಿ, ಬೆಸುಗೆ ಇದ್ದಲ್ಲಿ ಅಂಚಿನ ಗೆರೆಗಳು ಅಳಿಸಿ ನುಣ್ಣಗಾಗಿರುತ್ತವೆ. ಸಾಮಾನ್ಯವಾಗಿ ತಲೆಯ ನೇರ ಮೇಲೆ.

ಬಣ್ಣದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸಾಲು ಕೂಡುವುದೂ ಕೆಡುವುದೂ ಇಲ್ಲಿಯೇ. ಗಾಳಿಯಲ್ಲಿನ ಗಂಧಕ ಬೆಳ್ಳಿಯ ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ: ಮೊದಲು ತಿಳಿಹಳದಿ, ಆಮೇಲೆ ಬಂಗಾರ, ಕೆನ್ನೇರಳೆ, ನೀಲಿ, ಕಡೆಗೆ ಕಪ್ಪು. ನಿಜವಾದ ಬಣ್ಣ ಹೆಚ್ಚಾಗಿ ಅಂಚಿನಿಂದ ನಡುವಿನ ಕಡೆಗೆ ಇದೇ ಕ್ರಮದಲ್ಲಿ ಹಿಮ್ಮುಖವಾಗಿ ತಿಳಿಯಾಗುತ್ತ ಹೋಗುತ್ತದೆ, ಕೆಳಗಿನ ಹೊಳಪು ಅದರೊಳಗಿಂದ ಕಾಣುತ್ತದೆ. ಕೃತಕ ಬಣ್ಣ ಕ್ರಮ ತಪ್ಪುತ್ತದೆ, ಗೀರಿನ ಒಳಗೂ ಹೊರಗೂ ಒಂದೇ ಸಮ ಬಳಿದಂತಿರುತ್ತದೆ. ಕಪ್ಪಿಗೆ ಹೋದ ನಾಣ್ಯ ಎಷ್ಟೇ ಅಂಕಿ ಪಡೆದಿದ್ದರೂ ಬಂಗಾರದ ಬಣ್ಣದ ಏಳರ ನಡುವೆ ಕೂಡುವುದಿಲ್ಲ. ಬೆಟಗೇರಿಯ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೂಲು ಎಷ್ಟೇ ಉತ್ತಮವಿದ್ದರೂ ಬೇರೆ ಸಲ ಅದ್ದಿದ ಬಣ್ಣದ್ದಾದರೆ ಸೀರೆಯಲ್ಲಿ ಪಟ್ಟೆ ಬೀಳುತ್ತದೆ.

ಕೊಳ್ಳುವ ಕ್ರಮ ಹೇಗಿರಬೇಕು? 1906, 1907ರಲ್ಲಿ ಅಚ್ಚಾದ ರಾಶಿ ಬಹಳ ದೊಡ್ಡದು, ಕೊನೆಯ ವರ್ಷಗಳವು ಅದಕ್ಕಿಂತ ಕಡಿಮೆ. ಬಹಳ ಜನ ಸುಲಭವಾಗಿ ಸಿಗುವ 1907ನ್ನು ಮೊದಲು ತರುತ್ತಾರೆ, ಅದೂ ಥಳಥಳಿಸುವುದನ್ನು. ಆಮೇಲೆ 1909, 1910 ಆ ಮಟ್ಟದಲ್ಲಿ ಸಿಗದೆ, ಸಿಕ್ಕರೂ ಹಣ ಸಾಲದೆ, ಸಾಲು ಅರ್ಧಕ್ಕೆ ನಿಲ್ಲುತ್ತದೆ. ತಿರುಗಿಸಿ ಮಾಡಿರಿ. ಕಷ್ಟದ ಎರಡು ವರ್ಷ ಮೊದಲು. ಅವು ಯಾವ ದರ್ಜೆಯಲ್ಲಿ, ಯಾವ ಬಣ್ಣದಲ್ಲಿ ನಿಮ್ಮ ಕೈಗೆ ನಿಲುಕಿದವೋ ಅದೇ ಉಳಿದ ಆರಕ್ಕೆ ಅಳತೆ. ಪಟ್ಟಿಯೊಂದನ್ನು ಬರೆದು ಜೇಬಿನಲ್ಲಿಡಿರಿ, ಉದಾಹರಣೆಗೆ: 50ಕ್ಕೆ ಕಡಿಮೆ ಇಲ್ಲ, 58ಕ್ಕೆ ಹೆಚ್ಚು ಬೇಡ, ಬಂಗಾರದಿಂದ ತಿಳಿಬೂದಿನವರೆಗೆ, ತಿಕ್ಕಿದ್ದು ಬೇಡ, ಕೊಂಡಿಯದು ಬೇಡ. ಅಂದ ಆರಿಸಿಕೊಳ್ಳಬೇಕಾದದ್ದು ಈ ಬೇಲಿಯೊಳಗೆ. 'ಹೆಚ್ಚು ಬೇಡ' ಎಂದದ್ದು ಕೇಳಿ ಕೆಲವರು ನಕ್ಕಿರಿ. ಆದರೆ 65ರ ಒಂದು ನಾಣ್ಯ ಬಂದು ಕುಳಿತರೆ ಉಳಿದ ಏಳೂ ಬಡವಾಗುತ್ತವೆ, ಆಮೇಲೆ ಏಳನ್ನೂ ಬದಲಿಸುವ ಖರ್ಚು ಬೆನ್ನಿಗೆ ಬೀಳುತ್ತದೆ.

ಹೊಸದು ಬಂದಾಗ ಪರೀಕ್ಷೆ ಸುಲಭ. ಎಂಟನ್ನೂ ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಡಿರಿ, ರಾಜನ ಮೂಗು ಎಲ್ಲವೂ ಒಂದೇ ದಿಕ್ಕಿಗಿರಲಿ. ಒಂದೇ ದೀಪದಲ್ಲಿ ಮೊಬೈಲಿನಿಂದ ಒಂದೇ ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿರಿ. ಬಣ್ಣದ ಮೋಹ ಹೋಗಿ ಬರೀ ಬೆಳಕು-ಕತ್ತಲೆ ಉಳಿಯುತ್ತದೆ. ಸಾಲಿಗೆ ಸೇರದ ನಾಣ್ಯ ತಾನಾಗಿಯೇ ಎದ್ದು ಕಾಣುತ್ತದೆ. ನಕಲಿಯ ಅನುಮಾನವಿದ್ದರೆ ತೂಕದ ಜೊತೆ ನೀರಿನ ಪರೀಕ್ಷೆಯೂ ಇರಲಿ. ದಾರದಲ್ಲಿ ತೂಗಿಬಿಟ್ಟು ಪೂರ್ತಿ ಮುಳುಗಿಸಿದಾಗ 11.66 ಗ್ರಾಮಿನದು ಸುಮಾರು 1.13 ಗ್ರಾಂ ಹಗುರವಾಗಬೇಕು.

ಸಾಲು ಕೂಡಿದ ಮೇಲೆ ಕೆಡುವುದು ಡಬ್ಬಿಯಲ್ಲಿ. ಮೆತ್ತನೆಯ ಪಿವಿಸಿ ಪಾಕೀಟು ಕೆಲವು ವರ್ಷಗಳಲ್ಲಿ ಹಸಿರು ಜಿಗುಟು ಬಿಡುತ್ತದೆ. ಶುದ್ಧ ಅಸಿಟೋನಿನಲ್ಲಿ, ಗಾಜಿನ ಬಟ್ಟಲಲ್ಲಿ ಎರಡು-ಮೂರು ನಿಮಿಷ ಇಟ್ಟು, ಇನ್ನೊಂದು ಬಟ್ಟಲಿನ ಹೊಸ ಅಸಿಟೋನಿನಲ್ಲಿ ಅದ್ದಿ, ತಿಕ್ಕದೆ ಒಣಗಲು ಬಿಟ್ಟರೆ ಜಿಗುಟು ಹೋಗುತ್ತದೆ, ಬಣ್ಣ ಹಾಗೇ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ಉಗುರುಬಣ್ಣ ತೆಗೆಯುವ ದ್ರವ ಇದಲ್ಲ, ಅದರಲ್ಲಿ ಬೇರೆ ಬೆರಕೆ ಇರುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿದರೆ ಅದರ ಗಂಧಕ ಅಡ್ಡ ಕಪ್ಪು ಪಟ್ಟೆ ಹೊಡೆಯುತ್ತದೆ. ಗದಗಿನ ಒಣಹವೆಯಲ್ಲಿ ಚೆನ್ನಾಗಿದ್ದ ಸಾಲು ಧಾರವಾಡದ ಮಳೆಗಾಲದಲ್ಲಿ ಒಂದೊಂದು ನಾಣ್ಯ ಒಂದೊಂದು ವೇಗದಲ್ಲಿ ಬಣ್ಣ ತಿರುಗಬಹುದು. ಗಟ್ಟಿ ಕ್ಯಾಪ್ಸೂಲು, ಕಬ್ಬಿಣದ ಕಪಾಟು, ಒಳಗೆ ಸಿಲಿಕಾ ಜೆಲ್. ಜೆಲ್ಲಿನ ಬಣ್ಣ ಬದಲಾದ ಕೂಡಲೇ ಒಣಗಿಸಿ ಇಡಬೇಕು. ದೇವರ ಕೋಣೆಯಲ್ಲಿ ಮಾತ್ರ ಬೇಡ, ಊದುಬತ್ತಿ, ಕರ್ಪೂರದ ಹೊಗೆ ಸುಮ್ಮನಿರುವುದಿಲ್ಲ.

ಮುಂದಿನ ಮೇಜಿನ ಮೇಲೆ ಎರಡು ತಟ್ಟೆಗಳಿವೆ. ಎಡಗಡೆಯದು ದರ್ಜೆಯೊಂದನ್ನೇ ನೋಡಿ ಕೂಡಿಸಿದ್ದು, ಬಲಗಡೆಯದು ಬೇಲಿಯೊಳಗೆ ಕಣ್ಣಿನಿಂದ ಆರಿಸಿದ್ದು. ಸಾಲಾಗಿ ಬನ್ನಿರಿ. ನಾಣ್ಯವನ್ನು ಅಂಚಿನಲ್ಲಿ ಎರಡೇ ಬೆರಳಿಂದ ಹಿಡಿಯಿರಿ, ಕೈ ಬಟ್ಟೆಯ ಮೇಲೆಯೇ ಇರಲಿ, ಮತ್ತು ಅದನ್ನು ಮುಖದ ಹತ್ತಿರ ಹಿಡಿದುಕೊಂಡು ಮಾತಾಡಬೇಡಿರಿ. ಎಂಜಲಿನ ಹನಿ ಬಿದ್ದರೆ ಕಲೆ ಉಳಿಯುತ್ತದೆ.