ಓಟದ ಹೊತ್ತಿನಲ್ಲಿ ವಾಚು ತಾನಾಗಿ ನಿಲ್ಲದಿರಲಿ

ಕೇಳುಗರಿಗೆ ನಮಸ್ಕಾರ. ಬೆಳಗಿನ ಜಾವ ಕಬ್ಬನ್ ಪಾರ್ಕಿಗೆ ಹೋದರೆ, ಓಡುವವರಲ್ಲಿ ಎಷ್ಟೋ ಜನರ ಕೈಯಲ್ಲಿ ಸ್ಮಾರ್ಟ್ ವಾಚು ಕಾಣುತ್ತದೆ. ಅದರಲ್ಲಿ ತಾವಾಗಿಯೇ ನಡೆಯುವ ಕೆಲಸಗಳು ಬಹಳ. ಕೆಲವು ಮೊದಲಿಂದಲೇ ಆನ್ ಆಗಿರುತ್ತವೆ, ಕೆಲವನ್ನು ನಾವೇ ಆನ್ ಮಾಡಿ ಮರೆತಿರುತ್ತೇವೆ. ವ್ಯಾಯಾಮಕ್ಕೆ ಮುಂಚೆ ಒಮ್ಮೆ ನೋಡಿ, ಬೇಡದ್ದನ್ನು ಆಫ್ ಮಾಡಿ.

ನನ್ನ ಮೊದಲ ತಕರಾರು ಆಟೋ ಪಾಜ್ ಬಗ್ಗೆ. ನೀವು ನಿಂತರೆ ವಾಚೂ ಸಮಯದ ಲೆಕ್ಕ ನಿಲ್ಲಿಸುತ್ತದೆ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಕಾಯುವಾಗ ಇದು ಸರಿಯೇ. ಆದರೆ ಲಾಲ್‌ಬಾಗಿನ ಬಂಡೆಯನ್ನು ನಿಧಾನವಾಗಿ ಹತ್ತುವಾಗ, ದಟ್ಟ ಮರಗಳ ಕೆಳಗೆ ಜಿಪಿಎಸ್ ತಡವರಿಸುವಾಗ, ನೀವು ನಿಂತೇ ಬಿಟ್ಟಿರಿ ಅಂತ ಅದು ತಿಳಿಯಬಹುದು. ಎದೆ ಡವಡವ ಅನ್ನುತ್ತಿರುತ್ತದೆ, ಬೆವರು ಇಳಿಯುತ್ತಿರುತ್ತದೆ, ಲೆಕ್ಕ ಮಾತ್ರ ನಿಂತಿರುತ್ತದೆ!

ಜೋರಾಗಿ ಓಡಿ, ಸ್ವಲ್ಪ ನಿಂತು, ಮತ್ತೆ ಓಡುವವರಿಗೆ ತೊಂದರೆ ಇನ್ನೂ ಜಾಸ್ತಿ. ಸುಧಾರಿಸಿಕೊಳ್ಳಲು ಎಷ್ಟು ಹೊತ್ತು ಬೇಕಾಯಿತು ಅನ್ನುವುದರಲ್ಲೇ ಅಲ್ವಾ ನಮ್ಮ ದಮ್ಮು ಗೊತ್ತಾಗುವುದು? ಆ ಹೊತ್ತೇ ಲೆಕ್ಕದಿಂದ ಜಾರಿಹೋಗುತ್ತದೆ. ಸ್ಪರ್ಧೆಯಲ್ಲೂ ಹಾಗೇ. 2008ರಿಂದ ನಡೆಯುತ್ತಿರುವ ನಮ್ಮ ಬೆಂಗಳೂರಿನ 10ಕೆ, ಅಂದರೆ 10 ಕಿಲೋಮೀಟರ್ ಓಟದಲ್ಲಿ ನೀವು ನೀರು ಕುಡಿಯಲು ನಿಂತರೂ ಸ್ಪರ್ಧೆಯ ಗಡಿಯಾರ ನಿಲ್ಲುವುದಿಲ್ಲ. ಆಪಲ್ ವಾಚಿನಲ್ಲಾದರೆ ಸೆಟ್ಟಿಂಗ್ಸ್ ಒಳಗೆ ವರ್ಕೌಟ್, ಅಲ್ಲಿ ಆಟೋ ಪಾಜ್. ಗಾರ್ಮಿನ್ ಕಂಪನಿಯ ವಾಚಾದರೆ ಓಟಕ್ಕೆ ಬೇರೆ, ಸೈಕಲ್ಲಿಗೆ ಬೇರೆ ಸೆಟ್ಟಿಂಗ್, ಎರಡನ್ನೂ ನೋಡಬೇಕು.

ಸುತ್ತುಗಳನ್ನು ತಾನಾಗಿಯೇ ಗುರುತು ಹಾಕುವ ಆಟೋ ಲ್ಯಾಪ್ ಸಾಮಾನ್ಯವಾಗಿ 1 ಕಿಲೋಮೀಟರಿಗೊಮ್ಮೆ ಬೀಪ್ ಅನ್ನುತ್ತದೆ. ರಸ್ತೆಯಲ್ಲಿ ಇರಲಿ. ಕಂಠೀರವ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ ಅದು ಎರಡೂವರೆ ಸುತ್ತಿಗೆ ಕೂಗುತ್ತದೆ, ಸುಮ್ನೆ ಗೊಂದಲ. ಅಲ್ಲಿ ಅದನ್ನು ಆಫ್ ಮಾಡಿ, ಸುತ್ತು ಮುಗಿದಾಗ ನೀವೇ ಗುಂಡಿ ಒತ್ತಿ.

ದಂಡ ಹೊಡೆಯುವಾಗ ಆಪಲ್ ವಾಚಿನ ಮಾತಾಡುವ ಸಹಾಯಕಿ ಸಿರಿ ಎದ್ದು ಮಾತಾಡುತ್ತದೆಯೇ? ಮಣಿಕಟ್ಟು ಮಡಚಿದಾಗ ಕೈಯ ಹಿಂಭಾಗ ಪಕ್ಕದ ತಿರುಗುಗುಂಡಿಯನ್ನು ಒತ್ತುತ್ತಿರುತ್ತದೆ. ಸೆಟ್ಟಿಂಗ್ಸ್‌ನ ಜನರಲ್, ಓರಿಯೆಂಟೇಶನ್‌ಗೆ ಹೋಗಿ ಗುಂಡಿಯನ್ನು ಮೊಣಕೈ ಕಡೆಗೆ ಬರುವಂತೆ ಬದಲಿಸಿ, ವಾಚನ್ನು ತಿರುಗಿಸಿ ಕಟ್ಟಿಕೊಳ್ಳಿ.

ಒಂದನ್ನು ಮಾತ್ರ ದಯವಿಟ್ಟು ಆಫ್ ಮಾಡಬೇಡಿ. ಜೋರಾಗಿ ಬಿದ್ದರೆ ಗುರುತಿಸುವ ಫಾಲ್ ಡಿಟೆಕ್ಷನ್. ಆಪಲ್ ವಾಚಿಗೆ ಇದು ಬಂದದ್ದು 2018ರಲ್ಲಿ. ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ಸೇವೆಗೆ ತಾನೇ ಕರೆ ಮಾಡುತ್ತದೆ. ಒಬ್ಬರೇ ಸೈಕಲ್ ತುಳಿದು ನಂದಿ ಬೆಟ್ಟಕ್ಕೆ ಹೋಗುವವರು, ಮನೆಯವರ ನಂಬರನ್ನು ತುರ್ತು ಸಂಪರ್ಕಕ್ಕೆ ಸೇರಿಸಿದ್ದೀರಾ ಅಂತ ಇವತ್ತೇ ನೋಡಿಕೊಳ್ಳಿ. ನಮಸ್ಕಾರ.